ಗೂಟದ ಕೆಳಗೆ ನಿಂತವಳು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅವಳು ಎಂದಿನ ಅಭ್ಯಾಸದಂತೆ ಮೂರು ಲೋಟ ಚಹಾ ಸೋಸಿದಳು.

ಒಂದು ಅತ್ತೆಗೆ. ಒಂದು ತನಗೆ. ಮೂರನೆಯದು...

ಮಣ್ಣು ಮಾಡುವ ದಿನ ಏನು ಮಾಡಬೇಕು, ಎಲ್ಲಿ ನಿಲ್ಲಬೇಕು ಎಂದು ಹೇಳಲು ಹತ್ತು ಜನ ಇದ್ದರು. ಈ ಲೋಟವನ್ನು ಏನು ಮಾಡಬೇಕೆಂದು ಒಬ್ಬರೂ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು.

ತೆರೆದು ನೋಡಿದಳು. ಹೊಸ್ತಿಲಾಚೆ ನಿಂತಿದ್ದವಳು ಮಸಿ! ಹಳೆಯ ಒಗೆತದ ಮನೆಯಲ್ಲಿ ಅಚ್ಚಿನ ಯಂತ್ರ ಇಟ್ಟುಕೊಂಡವಳು. ಕೈಯಲ್ಲಿ ಸದಾ ಮಸಿ, ಹಾಗಾಗಿ ಎಲ್ಲರ ಬಾಯಲ್ಲೂ ಅದೇ ಹೆಸರು. ಇವಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಅಂಗಳದ ಆ ತುದಿಯಲ್ಲಿ ನಕ್ಕರೆ ಈ ತುದಿಗೆ ಕೇಳುವಂತೆ ನಗುವವಳು. ಈಗ ನಗುತ್ತಿರಲಿಲ್ಲ.

"ಒಳಗೆ ಬರ್ಲಾ?"

"ಏನು ಬೇಕಿತ್ತು?"

"ಅದು... ನನ್ನ ಸ್ಟಿಕ್ಕು. ಅಚ್ಚುಮೊಳೆ ಜೋಡಿಸ್ತೀವಲ್ಲ, ಆ ಕಬ್ಬಿಣದ ಪಟ್ಟಿ. ಅವನು ತಗೊಂಡು ಹೋಗಿದ್ದ. ಅವನ ಬಿಲ್ಲೆ ಇನ್ನೂ ನನ್ನ ಗೂಟದಲ್ಲೇ ನೇತಾಡ್ತಿದೆ."

ಅವನು! ಎಷ್ಟು ಸಲೀಸಾಗಿ ಅಂದುಬಿಟ್ಟಳು... ನಾಲ್ಕು ವರ್ಷ ಸಂಸಾರ ಮಾಡಿದ ತಾನೇ ನಾಲ್ಕು ಜನರ ಮುಂದೆ 'ಅವರು' ಅನ್ನುತ್ತೇನೆ!

"ನನ್ನ ಗಂಡ ಹೋಗಿ ನಾಲ್ಕು ದಿನ ಆಯ್ತು. ನಿಮಗೆ ನಿಮ್ಮ ಕಬ್ಬಿಣದ ಚಿಂತೆ!"

"ಅಯ್ಯೋ, ಅದಕ್ಕಲ್ಲ ನಾನು ಬಂದಿದ್ದು, ಗೇಟಿನ ತಾತ..."

"ನಿಮ್ಮದು ಅಂತ ಈ ಮನೇಲಿ ಏನೂ ಇಲ್ಲ. ಇಲ್ಲಿರೋದೆಲ್ಲ ನನ್ನದು."

ಬಾಗಿಲು ಮುಚ್ಚಿದಳು. ಮುಚ್ಚಿದ ಬಾಗಿಲಿಗೆ ಹಣೆ ಒತ್ತಿ ನಿಂತಳು. ಅಳು ಬರಲಿಲ್ಲ. ನಾಲ್ಕು ದಿನದಿಂದ ಅದೂ ಬರುತ್ತಿಲ್ಲ.

*

ಆ ಎಸ್ಟೇಟು ಹಿಂದೆ ಒಬ್ಬ ದೊಡ್ಡ ಧಣಿಯದು. ಕೊನೆಯ ವಾರಸುದಾರ ಅದನ್ನು ಕಲಾವಿದರಿಗೆ ಬಿಟ್ಟುಕೊಟ್ಟು ಹೋಗಿದ್ದ. ಧಾನ್ಯದ ಕೋಠಿಯಲ್ಲಿ ಈಗ ಕುಂಬಾರಿಕೆ. ಗಾಜಿನ ಮನೆಯಲ್ಲಿ ಚಿತ್ರಗಾರರು. ಒಗೆತದ ಮನೆಯಲ್ಲಿ ಮಸಿ. ಕುದುರೆಲಾಯದಲ್ಲಿ ಅವಳ ಗಂಡ ಕುರ್ಚಿ ಮಾಡುತ್ತಿದ್ದ.

ಧಣಿಯ ಕಾಲದ ಒಂದು ಕಟ್ಟಳೆಯನ್ನು ಮಾತ್ರ ಇವರು ಆಟದಂತೆ ಉಳಿಸಿಕೊಂಡಿದ್ದರು. ಪ್ರತಿ ಕಟ್ಟಡದ ಗೋಡೆಯ ಮೇಲೆ ಸಾಲುಸಾಲು ಗೂಟ, ಗೂಟಕ್ಕೊಂದು ಸಾಮಾನು. ಯಾರಾದರೂ ಸಾಮಾನು ಒಯ್ದರೆ ಆ ಗೂಟಕ್ಕೆ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ತೂಗುಹಾಕಬೇಕು. ಮರಳಿಸಿದ ಮೇಲೆ ಬಿಲ್ಲೆ ವಾಪಸು. ಒಂದೇ ಒಂದು ಬಿಲ್ಲೆ ಗೂಟದಲ್ಲಿ ಉಳಿದರೂ ಸಂಜೆ ಗೇಟಿಗೆ ಬೀಗ ಹಾಕುವಂತಿಲ್ಲ. ಬಿಲ್ಲೆ ಗೂಟದಲ್ಲಿದೆ ಎಂದರೆ ಮನುಷ್ಯ ಇನ್ನೂ ಕೆಲಸದ ಮೇಲೆ ಹೊರಗಿದ್ದಾನೆ ಎಂದರ್ಥ!

ಇದನ್ನೆಲ್ಲ ಹಳೆಯ ದಫ್ತರಗಳಿಂದ ಹೆಕ್ಕಿ ತೆಗೆದವಳು ಅವಳೇ. ವಿಶ್ವವಿದ್ಯಾಲಯದಿಂದ ಎಸ್ಟೇಟಿನ ಚರಿತ್ರೆ ಬರೆಯಲು ಬಂದಿದ್ದಳು. ಬಂದ ಮೊದಲ ದಿನವೇ ಒಂದು ತುಕ್ಕು ಹಿಡಿದ ಪೆಟ್ಟಿಗೆ ತೆರೆಯಲು ಲಾಯದ ಗೋಡೆಯಿಂದ ಉಳಿ ಕಿತ್ತುಕೊಂಡಳು.

"ಬಿಲ್ಲೆ ಎಲ್ಲಿ?" ಹಿಂದಿನಿಂದ ಒಂದು ದನಿ.

ತಿರುಗಿದರೆ ತಲೆಯ ತುಂಬ ಮರದ ಹೊಟ್ಟು ಹೊತ್ತ ಒಬ್ಬ ಯುವಕ!

"ನಾನು ಇಲ್ಲಿಯವಳಲ್ಲ. ನನ್ನ ಹತ್ರ ಬಿಲ್ಲೆ ಇಲ್ಲ."

"ಹಾಗಾದ್ರೆ ಬಿಲ್ಲೆ ಬದಲು ನೀವೇ ನಿಂತ್ಕೊಳ್ಳಿ, ಗೂಟದ ಕೆಳಗೆ. ಪೆಟ್ಟಿಗೆ ನಾನು ತೆಗ್ದು ತರ್ತೀನಿ."

"ನನ್ನನ್ನ ಒತ್ತೆ ಇಟ್ಕೋತೀರಾ?"

"ಉಳಿ ಬೆಲೆಬಾಳೋದು ಮೇಡಂ!"

ಅವಳು ನಿಂತಳು. ನಗುತ್ತಲೇ ನಿಂತಳು. ಪೆಟ್ಟಿಗೆ ತೆರೆಯಲು ಅವನು ಬೇಕೆಂದೇ ಮುಕ್ಕಾಲು ಗಂಟೆ ತೆಗೆದುಕೊಂಡ.

ಆ ಪೆಟ್ಟಿಗೆಯ ದಫ್ತರದಲ್ಲೇ ಹದಿನೇಳನೆಯ ಬಿಲ್ಲೆಯ ಕಥೆ ಸಿಕ್ಕಿದ್ದು. ಆ ಬಿಲ್ಲೆಯ ಕುದುರೆಯಾಳು ಬಿರುಗಾಳಿಯಲ್ಲಿ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಲು ಲಾಂದ್ರ ಒಯ್ದವನು ಜೀವಂತ ಬರಲಿಲ್ಲ. ಹನ್ನೊಂದು ದಿನ ಗೇಟು ತೆರೆದೇ ಇತ್ತು. ಹನ್ನೆರಡನೆಯ ದಿನ ಕಾರಕೂನ ಬರೆದಿದ್ದ: 'ಹದಿನೇಳರ ಹೆಂಡತಿ ಲಾಂದ್ರ ತಂದು ಒಪ್ಪಿಸಿ ಬಿಲ್ಲೆ ಇಳಿಸಿದಳು. ಗೇಟು ಹಾಕಲಾಯಿತು.'

"ಹೇಗೆ ಇಳಿಸಿದ್ಲೋ ಪಾಪ..." ಎಂದು ಅವಳು ಅಂದಿದ್ದಳು.

ಅವನು ಮರುದಿನವೇ ಹದಿನೇಳನೆಯ ಬಿಲ್ಲೆಯನ್ನು ಉಜ್ಜಿ ಹೊಳಪು ಮಾಡಿ ತನ್ನದಾಗಿಸಿಕೊಂಡ. "ನೂರು ವರ್ಷದಿಂದ ಯಜಮಾನ ಇಲ್ಲ ಅದಕ್ಕೆ. ನಾನೇ ಆಗ್ತೀನಿ."

*

ಅವನನ್ನೇ ಮದುವೆಯಾಗಿ, ನಾಲ್ಕು ವರ್ಷ ಕೂತು ಚರಿತ್ರೆ ಬರೆದಳು. ಎಸ್ಟೇಟಿನ ಸಮಿತಿಯವರು "ಇದನ್ನೆಲ್ಲ ಯಾರಮ್ಮ ಓದ್ತಾರೆ?" ಎಂದು ಹಸ್ತಪ್ರತಿ ಮರಳಿಸಿದರು. ಅವಳು ಅದನ್ನು ಲಾಯದಲ್ಲಿ ಒಲೆಗೆಂದು ಇಟ್ಟಿದ್ದ ಚಕ್ಕೆಗಳ ಬುಟ್ಟಿಗೆ ಎಸೆದು ಬಂದಳು. ಮತ್ತೆ ಆ ಮಾತೆತ್ತಲಿಲ್ಲ.

ಅದಾದ ಕೆಲವು ದಿನಕ್ಕೆ ಗಂಡನ ಉಗುರಿನ ಸಂದಿಯಲ್ಲಿ ಮಸಿ ಕಂಡಿತು. ಪ್ರತಿ ಮಧ್ಯಾಹ್ನ ಮೂರಕ್ಕೆ ಮಾಯ. ಕೇಳಿದರೆ "ಮರ ನೋಡೋಕೆ ಹೋಗಿದ್ದೆ". ಚರಿತ್ರೆ ಓದಿದವಳು ಪುರಾವೆ ಬಿಡುತ್ತಾಳೆಯೇ? ತಾರೀಕು ಗುರುತಿಟ್ಟಳು. ಅಂಗಿಯ ತೋಳು ನೋಡಿದಳು. ಕೊನೆಗೆ ಒಂದು ದಿನ ಒಗೆತದ ಮನೆಯ ಕಿಟಕಿಯಲ್ಲಿ ಇಣುಕಿದಳು. ಒಂದೇ ಮೇಜಿನ ಮೇಲೆ ಬಾಗಿದ ಎರಡು ತಲೆ, ಮಸಿಯ ಆ ದೊಡ್ಡ ನಗು... ಗೋಡೆಯ ಗೂಟದಲ್ಲಿ ಹೊಳೆಯುವ ಹದಿನೇಳು.

ಕಿಟಕಿ ಬಿಟ್ಟು ಸೀದಾ ಮನೆಗೆ ನಡೆದಳು.

ಊಟಕ್ಕೆ ಕೂತಾಗ ಅಂದುಬಿಟ್ಟಳು, "ಬಿಲ್ಲೆ ಎಲ್ಲಿದೆಯೋ ಮನುಷ್ಯನೂ ಅಲ್ಲೇ ಇರ್ಲಿ. ಇಲ್ಲಿಗೆ ಬರೋದೇನೂ ಬೇಡ."

ಅವನು ತುತ್ತು ಕೈಯಲ್ಲೇ ಹಿಡಿದು ನೋಡಿದ. "ಇನ್ನೊಂದು ಎಂಟು ದಿನ ತಡಿಯೇ..."

ಅವಳು ತಡೆಯಲಿಲ್ಲ, ಮಾತೂ ಆಡಲಿಲ್ಲ. ಮೂರನೆಯ ದಿನ ಅವನು ಮರ ತರಲು ಹೋದ ವ್ಯಾನು ತಿರುವಿನಲ್ಲಿ ಮಗುಚಿತು.

ಬರೋದೇನೂ ಬೇಡ... ತಾನು ಅವನಿಗೆ ಆಡಿದ ಕೊನೆಯ ಮಾತು! ಹೇಳಿದ ಹಾಗೆಯೇ ನಡೆದುಕೊಂಡುಬಿಟ್ಟನಲ್ಲ!

*

"ಯಾರದು ಬಾಗಿಲಲ್ಲಿ?" ಒಳಗಿನಿಂದ ಬಂದ ಅತ್ತೆ ಮೂರು ಲೋಟಗಳನ್ನು ನೋಡಿದರು. ಒಂದನ್ನು ಕುಡಿದು ಇನ್ನೊಂದಕ್ಕೆ ಕೈ ಹಾಕಿದರು. "ನನ್ನ ಮಗನ ಪಾಲು ನಾನು ಕುಡಿದ್ರೆ ಯಾರು ಕೇಳ್ತಾರೆ? ಕೊಡು."

"ಮಸಿ ಬಂದಿದ್ಲು. ಅದೇನೋ ಕಬ್ಬಿಣದ ಪಟ್ಟಿ ಬೇಕಂತೆ."

"ಕೊಟ್ಟುಬಿಡು. ಚಿಕ್ಕವನಿದ್ದಾಗಲೂ ಹೀಗೇ ಕಣಮ್ಮ. ಕೇಳಿ ತರೋನು ಅವನು, ಸೆರಗಲ್ಲಿ ಮುಚ್ಚಿಕೊಂಡು ಹೋಗಿ ಕೊಟ್ಟು ಬರೋಳು ನಾನು." ಲೋಟದ ಅಂಚನ್ನು ಸೆರಗಿನಿಂದ ಒರೆಸಿದರು. "ಇದೊಂದು ಮಾತ್ರ ನಿನ್ನ ಪಾಲಿಗೆ ಉಳಿಸಿ ಹೋಗಿದ್ದಾನೆ."

"ಕೊಟ್ರೆ... ಬಿಲ್ಲೆ ಇಳಿಸಬೇಕು, ಅತ್ತೆ."

ಅತ್ತೆಗೆ ಅರ್ಥವಾಯಿತು. ಲೋಟ ಕೆಳಗಿಟ್ಟು ಅವಳ ತಲೆ ಸವರಿದರು.

ಮಧ್ಯಾಹ್ನದವರೆಗೂ ಅವಳು ಮನೆಯೊಳಗೆ ಅತ್ತಿಂದಿತ್ತ ಓಡಾಡಿದಳು. ಬಿಲ್ಲೆ ಇದ್ದರೆ ಅವನು ಹೊರಗಿದ್ದಾನೆ ಅಷ್ಟೇ, ಬರಬಹುದು... ಆದರೆ ಅದು ನೇತಾಡುತ್ತಿರುವುದು ಆ ಹೆಂಗಸಿನ ಗೋಡೆಯ ಮೇಲೆ! ಅಲ್ಲೇ ಇರಲಿ ಎಂದರೆ ಎದೆ ಉರಿಯುತ್ತದೆ, ಇಳಿಸೋಣ ಎಂದರೆ ಎದೆ ಒಡೆಯುತ್ತದೆ.

ಕೊನೆಗೆ ಲಾಯದ ಬೀಗ ತೆಗೆದಳು.

ಹೊಟ್ಟಿನ ವಾಸನೆ ಮುಖಕ್ಕೆ ಹೊಡೆಯಿತು. ಅವನದೇ ವಾಸನೆ. ಅರ್ಧ ಮಾಡಿದ ಕುರ್ಚಿ, ಮೂರು ಕಾಲು. ಹುಚ್ಚಿಯಂತೆ ಹುಡುಕಿದಳು. ಡ್ರಾಯರು ಎಳೆದಳು, ಹಲಗೆ ಸರಿಸಿದಳು, ಹೊಟ್ಟಿನೊಳಗೆ ಮೊಣಕೈವರೆಗೂ ಕೈ ತೂರಿಸಿದಳು. ಪತ್ರವೋ, ಫೋಟೋವೋ, ಏನಾದರೂ ಸಿಗಲಿ! ಸಿಕ್ಕರೆ ಅವನನ್ನು ದ್ವೇಷಿಸಬಹುದು. ದ್ವೇಷಿಸಿದರೆ ಬದುಕಬಹುದು.

ಕೆಲಸದ ಮೇಜಿನ ಮೇಲೆ, ಅವನ ಕರವಸ್ತ್ರದ ಕೆಳಗೆ ಅದು ಸಿಕ್ಕಿತು.

ಗೇಣುದ್ದದ ಕಬ್ಬಿಣದ ಪಟ್ಟಿ. ಅದರ ಅಂಚಿಗೆ ಒತ್ತಾಗಿ ನಿಲ್ಲಿಸಿದ ಸೀಸದ ಅಕ್ಷರಗಳು, ಎಲ್ಲ ಹಿಂದುಮುಂದು. ಸಾಲಿನ ತುದಿಗೆ ಅಕ್ಷರಗಳಷ್ಟೇ ಎತ್ತರದ ಒಂದು ಮರದ ತುಂಡು, ಅದರ ಮೇಲೆ ಏನೋ ಕೆತ್ತನೆ.

ಗೋಡೆಯಲ್ಲಿ ಅವನು ಗಡ್ಡ ಮಾಡಿಕೊಳ್ಳುತ್ತಿದ್ದ ಕನ್ನಡಿ. ಒಣಗಿದ ಸೋಪಿನ ನೊರೆಯ ಚುಕ್ಕೆ ಇನ್ನೂ ಇತ್ತು. ಪಟ್ಟಿಯನ್ನು ಅದಕ್ಕೆ ಹಿಡಿದಳು. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಓದಿದಳು.

'ಗೂಟದ ಕೆಳಗೆ ನಿಂತವಳಿಗೆ.'

ಮರದ ತುಂಡಿನಲ್ಲಿ ಒಂದು ಗೂಟ. ಅದರ ಕೆಳಗೆ ಕೈಕಟ್ಟಿ ನಿಂತ ಪುಟ್ಟ ಹೆಣ್ಣು. ಸೀರೆಯ ನೆರಿಗೆ, ಜಡೆ, ಚಪ್ಪಲಿ ಎಲ್ಲ ಇದೆ. ಮುಖವೊಂದನ್ನು ಇನ್ನೂ ಕೆತ್ತಿರಲಿಲ್ಲ.

*

ಒಗೆತದ ಮನೆಗೆ ಅವಳು ಓಡಿಯೇ ಬಂದಳು. ಬಾಗಿಲಲ್ಲೇ ನಿಂತಳು.

ಹಿಂದೆ ಧಣಿಯ ಮನೆಯ ಹಾಸಿಗೆ ಬಟ್ಟೆ ಒಣಗುತ್ತಿದ್ದ ಹಗ್ಗಗಳ ಮೇಲೆ ಈಗ ಕಾಗದಗಳು ತೂಗುತ್ತಿದ್ದವು. ಒಂದರಲ್ಲಿ ಓದಿದಳು: 'ಹನ್ನೊಂದು ದಿನ ಗೇಟು ತೆರೆದೇ ಇತ್ತು...'

ತನ್ನದೇ ವಾಕ್ಯ!

"ಹದಿನೈದು ಪುಟ ಆಗಿದೆ," ಮಸಿ ಮೆಲ್ಲಗೆ ಅಂದಳು. "ಇಡೀ ಪುಸ್ತಕ ಅಲ್ಲ, ಗೂಟಗಳ ಅಧ್ಯಾಯ ಮಾತ್ರ. ಬುಟ್ಟಿಯಿಂದ ಎತ್ಕೊಂಡು ಬಂದ. 'ನೀನು ಕಲಿಸು, ಜೋಡಿಸೋನು ನಾನೇ' ಅಂದ. ಮೊದಮೊದಲು ದಿನಕ್ಕೆ ನಾಲ್ಕು ಸಾಲು, ಅದರಲ್ಲಿ ಮೂರು ತಪ್ಪು! ಅವನ ದಪ್ಪ ಬೆರಳು ನೋಡಿ ನಕ್ಕೂ ನಕ್ಕೂ ನನಗೆ ಸಾಕಾಗ್ತಿತ್ತು."

ಆ ನಗು... ಕಿಟಕಿಯಿಂದ ತಾನು ಕೇಳಿದ ನಗು!

"ಮೊದಲ ಪುಟ ಮಾತ್ರ ಬಾಕಿ. ಚಿತ್ರ ಸಾಲಿಗೆ ಸರಿಯಾಗಿ ಕೂರ್ಬೇಕು ಅಂತ ಸ್ಟಿಕ್ಕನ್ನೇ ಲಾಯಕ್ಕೆ ಒಯ್ದಿದ್ದ. ನಾಳೆಗೆ ಐದು ವರ್ಷ ಆಗುತ್ತಂತೆ, ನಿಮ್ಮನ್ನ ಗೂಟದ ಕೆಳಗೆ ನಿಲ್ಸಿ."

ಎಂಟು ದಿನ ತಡಿಯೇ...

ಅವಳು ನೆಲದ ಮೇಲೆಯೇ ಕೂತಳು. "ನಾನು... ಬರೋದೇ ಬೇಡ ಅಂದುಬಿಟ್ಟೆ. ಗೊತ್ತಾ ನಿಮಗೆ?"

"ಗೊತ್ತು. ಇಲ್ಲಿ ಬಂದು ಹೇಳಿದ. 'ಹೆಂಡ್ತಿ ನನ್ನನ್ನ ನಿನಗೆ ದಾನ ಮಾಡಿದ್ದಾಳೆ ಕಣೇ' ಅಂತ ನಕ್ಕ."

"ನಕ್ಕರಾ?"

ಮಸಿ ಅವಳ ಪಕ್ಕಕ್ಕೆ ಬಂದಳು. "ನಿಮ್ಮ ಹತ್ರ ಸುಳ್ಳು ಹೇಳಲ್ಲ. ನಕ್ಕ. ಆಮೇಲೆ ಅರ್ಧ ಗಂಟೆ ಒಂದು ಅಕ್ಷರನೂ ಜೋಡಿಸ್ಲಿಲ್ಲ. 'ಹೋಗಿ ಹೇಳಿಬಿಡೋ ಮಾರಾಯ' ಅಂದೆ. 'ಬೇಡ. ಅವಳ ಕೋಪದಲ್ಲಿ ಬೆಂದು ನನಗೆ ಅಭ್ಯಾಸ. ಪುಸ್ತಕ ಕೈಗಿಟ್ಟ ದಿನ ಅವಳ ಮುಖ ನೋಡ್ಬೇಕು, ನೋಡ್ಕೊಂಡೇ ಈ ಚಿತ್ರದ ಮುಖ ಕೆತ್ತುತೀನಿ' ಅಂದ."

ಆಗ ಬಂತು ಅಳು. ನಾಲ್ಕು ದಿನದ್ದು, ಏಳು ದಿನದ್ದು, ಎಲ್ಲ ಒಟ್ಟಿಗೆ. ಮಸಿ ಪಕ್ಕದಲ್ಲಿ ಕೂತು ತಾನೂ ಅತ್ತಳು. ಕಣ್ಣೊರೆಸಿಕೊಂಡ ಇಬ್ಬರ ಕೆನ್ನೆಗೂ ಮಸಿ ಹತ್ತಿತು.

ಬಹಳ ಹೊತ್ತಿನ ಮೇಲೆ ಅವಳೇ ಎದ್ದಳು. "ಆ ಪುಟ ಒತ್ತೋಣ."

"ಮುಖ ಕೆತ್ತಿಲ್ವಲ್ಲ, ಆ ಜಾಗ ಬರೀ ಕಪ್ಪಾಗಿ ಮೂಡುತ್ತೆ."

"ಮೂಡ್ಲಿ. ಈಗ ನನ್ನ ಮುಖ ಹಾಗೇ ಇದೆ."

ಸಾಲನ್ನು, ಚಿತ್ರವನ್ನು ಯಂತ್ರಕ್ಕಿಟ್ಟರು. ಹಿಡಿಯನ್ನು ಅವಳೇ ಎಳೆದಳು. ಕಾಗದ ಎತ್ತಿದಾಗ ಅಕ್ಷರಗಳು ನೇರವಾಗಿದ್ದವು. ಅವುಗಳ ಪಕ್ಕದಲ್ಲಿ ಗೂಟದ ಕೆಳಗೆ ಕಪ್ಪು ಮುಖದ ಒಬ್ಬಳು ಕಾಯುತ್ತ ನಿಂತಿದ್ದಳು. ಹಗ್ಗದ ಮೇಲೆ ಹದಿನಾರನೆಯ ಹಾಳೆಯಾಗಿ ಆ ಮೊದಲ ಪುಟವೂ ತೂಗಿತು.

ಖಾಲಿಯಾದ ಪಟ್ಟಿ ಅವಳ ಕೈಯಲ್ಲೇ ಉಳಿಯಿತು.

ಸಂಜೆಯ ಬಿಸಿಲು ಓರೆಯಾದಾಗ ಬಾಗಿಲಲ್ಲಿ ಕೆಮ್ಮಿದ ಸದ್ದು. ಗೇಟಿನ ತಾತ. ಬೀಗ ಹಾಕುವ ಮುಂಚೆ ಎಲ್ಲ ಗೋಡೆಗಳ ಗೂಟ ನೋಡಿ ಹೋಗುವುದು ಅವರ ಕೆಲಸ. ಅವಳನ್ನು ಕಂಡು ತಾತ ಹಿಂದೆ ಸರಿದರು.

ಮಸಿ ಪಿಸುಗುಟ್ಟಿದಳು, "ಬೆಳಿಗ್ಗೆ ಇದನ್ನೇ ಹೇಳೋಕೆ ಬಂದಿದ್ದೆ. ನಾಲ್ಕು ದಿನದಿಂದ ಗೇಟು ಹಾಕಿಲ್ಲ ಇವರು. ಚಳಿಯಲ್ಲಿ ಅಲ್ಲೇ ಕೂತಿರ್ತಾರೆ. ಹದಿನೇಳು ಹೊರಗಿದೆ ಅಂತಾರೆ."

"ನನಗೇನೂ ತೊಂದ್ರೆ ಇಲ್ಲಮ್ಮ," ತಾತ ಗಡಬಡಿಸಿದರು. "ನಿನಗೆ ಆದಾಗ ಕೊಡು. ಹನ್ನೊಂದು ದಿನ ಆಗ್ಲಿ, ನೂರು ದಿನ ಆಗ್ಲಿ. ಕೂರೋಕೆ ಕುರ್ಚಿ ಇದೆ. ಅವನೇ ಮಾಡ್ಕೊಟ್ಟಿದ್ದು."

ಅವಳು ಗೋಡೆಯತ್ತ ನಡೆದಳು. ಹೊಳೆಯುವ ಹದಿನೇಳು. ಕೈ ಎತ್ತಿದಳು, ಇಳಿಸಿದಳು. ನೂರು ವರ್ಷದ ಹಿಂದೆ ಲಾಂದ್ರ ಹಿಡಿದು ನಿಂತ ಆ ಇನ್ನೊಬ್ಬಳ ಕೈಯೂ ಹೀಗೇ ಹಿಂದೆ ಸರಿದಿತ್ತೇ? ದಫ್ತರದಲ್ಲಿ ಅದನ್ನು ಯಾರೂ ಬರೆದಿರಲಿಲ್ಲ.

ಗೂಟದ ಕೆಳಗೆ ಒಂದು ಕ್ಷಣ ನಿಂತಳು. ಕೈಕಟ್ಟಿ, ಆ ಚಿತ್ರದವಳಂತೆ.

ಆಮೇಲೆ ಬಿಲ್ಲೆ ಇಳಿಸಿ, ಪಟ್ಟಿಯನ್ನು ಅದರ ಜಾಗಕ್ಕೆ ತೂಗುಹಾಕಿದಳು. ಹಿತ್ತಾಳೆ ತಣ್ಣಗಿತ್ತು. ಮುಷ್ಟಿಯೊಳಗೆ ಮೆಲ್ಲಗೆ ಬೆಚ್ಚಗಾಯಿತು.

"ಗೇಟು ಹಾಕ್ಲಾ, ಮಗಳೇ?"

"ಹಾಕಿ ತಾತ," ಅಂದಳು. "ಅವರು ಒಳಗೆ ಬಂದಾಯ್ತು."