ಕ್ಯಾಸೆಟ್ಟಿನ ಕೊನೆಯ ಕತ್ತಲು

ಬೆಳಿಗ್ಗೆ ಒಂಬತ್ತು ನಲವತ್ತು. ಕೆ.ಆರ್. ಪೇಟೆಯ ತನ್ನ ವಿಡಿಯೋ ಅಂಗಡಿಗೆ ರಾತ್ರಿ ಯಾರೋ ಬಂದು ಹೋಗಿದ್ದಾರೆ, ಏನೂ ಕಳುವಾಗಿಲ್ಲ ಎಂದು ಹೇಮಶ್ರೀ ಠಾಣೆಯಲ್ಲಿ ದೂರು ಕೊಟ್ಟಳು.

ಹೆಡ್ ಕಾನ್‌ಸ್ಟೆಬಲ್ ಚಿಕ್ಕಸ್ವಾಮಿ ಪೆನ್ನು ಕೆಳಗಿಟ್ಟರು. “ಏನೂ ಓಗಿಲ್ಲ ಅಂದ್ರೆ ಏನಂತ ಬರ್ಕಳನವ್ವಾ? ಬಂದೋನು ನೆಂಟನಾ?”

“ಬೀಗ ಒಡ್ದಿಲ್ಲ ಸಾರ್. ತೆಗ್ದು ತಿರ್ಗಾ ಆಕವ್ರೆ. ನಾನು ಕುಳ್ಳಿ, ಕುರ್ಚಿ ಎತ್ರುಕ್ಕೆ ಮಡಗಿರ್ತೀನಿ. ಬೆಳಿಗ್ಗೆ ನೋಡುದ್ರೆ ಕೆಳೀಕೆ ಇಳ್ಸವ್ರೆ.”

ಚಿಕ್ಕಸ್ವಾಮಿ ನಕ್ಕರು. ಅವಳು ನಗಲಿಲ್ಲ. ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಪಿಎಸ್‌ಐ ಶಿವಶಂಕರ್ ಹೊರಗೆ ಬಂದರು.

“ಬೀಗ ಹೊಸದಾ?”

“ಅಪ್ಪನ ಕಾಲದ್ದು ಸಾರ್.”

“ಹಾಗಾದರೆ ಕೀಲಿ ಬಂದವನ ಹತ್ತಿರವೇ ಇದೆ. ಇವತ್ತೂ ಬರಬಹುದು.”

ರಾತ್ರಿ ವೇಳೆ ಅಕ್ರಮ ಪ್ರವೇಶವೆಂದು ಎಫ್‌ಐಆರ್ ದಾಖಲಾಯಿತು.

ಹನ್ನೊಂದಕ್ಕೆ ಪೊಲೀಸರು ಪಂಚನಾಮೆಗೆಂದು ಹೋದಾಗ ಅಂಗಡಿಯ ಮುಂದೆ ರವೀಂದ್ರ ಕಾಯುತ್ತಿದ್ದ. ಹೇಮಶ್ರೀಯ ತಂದೆ ತಿಮ್ಮರಾಜು ಬದುಕಿದ್ದಾಗ ಅದೇ ಅಂಗಡಿಯಲ್ಲಿ ಕ್ಯಾಮೆರಾಮನ್ ಆಗಿದ್ದವನು. ಅವಳಿಗೆ ಎಡಿಟಿಂಗ್ ಕಲಿಸಿದವನು. ಈಗ ಅವನದೇ ಬೇರೆ ಸ್ಟುಡಿಯೋ ಇತ್ತು. ಅವನನ್ನು ಕಂಡ ಮೇಲೆ ಅವಳಿಗೆ ಉಸಿರು ಬಂದಂತಾಯಿತು.

“ಠಾಣೆಗೋಗಕ್ ಮುಂಚೆ ನಂಗ್ಯಾಕ್ ಫೋನ್ ಮಾಡ್ನಿಲ್ಲ ಮಗಾ?” ಎಂದ ಅವನು.

“ನೆನ್ನೆ ಏನು ಕೆಲಸ ನಡೀತಿತ್ತು?” ಶಿವಶಂಕರ್ ಕೇಳಿದರು.

ಹೇಮಶ್ರೀ ವಿವರಿಸಿದಳು. ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುವುದು ಅವಳ ಕಸುಬು. ಹಳೆಯ ಕ್ಯಾಮೆರಾದಲ್ಲಿ ಕ್ಯಾಸೆಟ್ಟು ಓಡಿದಂತೆಲ್ಲ ಚಿತ್ರ ಕೇಬಲ್ಲಿನ ಮೂಲಕ ಕಂಪ್ಯೂಟರಿಗೆ ಇಳಿಯುತ್ತದೆ. ಸಂತೆಬಾಚಹಳ್ಳಿಯ ಬೆಟ್ಟಮ್ಮ ಮಗಳ ಮದುವೆಯದನ್ನು ಕೊಟ್ಟಿದ್ದರು, 2009ರದ್ದು. ಮದುವೆ ಪೂರ್ತಿ ಇಳಿಯಿತು. ಆಮೇಲೆ ಒಂದಿಷ್ಟು ಏನೂ ರೆಕಾರ್ಡ್ ಆಗಿರದ ಖಾಲಿ ಟೇಪು. ಅಲ್ಲಿಗೆ ಬಂದಾಗಲೆಲ್ಲ ಕ್ಯಾಪ್ಚರ್, ಅಂದರೆ ಈ ಇಳಿಸುವ ಕೆಲಸ, ನಿಂತುಬಿಡುತ್ತಿತ್ತು. ಕೇಬಲ್ಲು ಬದಲಿಸಿದಳು, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದಳು. ಜಗ್ಗಲಿಲ್ಲ. ಕೊನೆಗೆ ಕ್ಯಾಮೆರಾದ ಪುಟ್ಟ ಪರದೆಯಲ್ಲೇ ನೋಡಿದಾಗ ಖಾಲಿ ಜಾಗದ ಆಚೆಗೆ ಒಂದು ರಸ್ತೆ ಕಂಡಿತು. ಕತ್ತಲು, ವ್ಯಾನಿನ ದೀಪದ ಬೆಳಕು, ಅಲುಗಾಡುವ ಚಿತ್ರ. ಅಷ್ಟಕ್ಕೇ ನಿಲ್ಲಿಸಿ ರವೀಂದ್ರನಿಗೆ ಫೋನು ಮಾಡಿದ್ದಳು.

“ಮುಟ್ಬ್ಯಾಡ ಬುಡು, ನಾಳೀಕೆ ಬತ್ತೀನಿ ಅಂದೆ ಸಾರ್. ಅಳೇ ಟೇಪು, ಫಂಗಸ್ಸಿರ್ತದೆ,” ಎಂದ ರವೀಂದ್ರ.

“ರಾತ್ರಿ ನೀವೆಲ್ಲಿದ್ರಿ?”

“ನಾಗಮಂಗಲ್ದಲ್ಲಿ ರಿಸೆಪ್ಷನ್ನಿತ್ತು ಸಾರ್. ಬರೋವತ್ಗೆ ಅನ್ನೆಲ್ಡ್ ಗಂಟೆಯಾಯ್ತು.”

ಹೇಮಶ್ರೀ ಕ್ಯಾಸೆಟ್ಟು ಓಡಿಸಿದಳು. ಧಾರೆ ಕಂಡಿತು, ಊಟದ ಪಂಕ್ತಿ ಕಂಡಿತು. ನಂತರ ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು. ರವೀಂದ್ರ ಕೇಬಲ್ಲು ಕಿತ್ತು ಹಾಕಿದ, ಕ್ಲೀನಿಂಗ್ ಕ್ಯಾಸೆಟ್ಟು ಓಡಿಸಿದ. “ಟೇಪು ಓದೋ ಎಡ್ಡು ಓಗ್ಬುಟ್ಟದೆ ಸಾರ್, ಅಷ್ಟೆಯ.”

“ಎಡ್ಡು ಓಗಿದ್ರೆ ಮದ್ವೆ ಚಿತ್ರಾನೂ ಚೌಕ ಚೌಕ ಒಡೀಬೇಕಿತ್ತಲ್ಲ ಮಾವ?” ಹೇಮಶ್ರೀ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ನೆನ್ನೆ ಇಲ್ಲಿ ನಿಂತೋಗ್ತಿತ್ತು. ಇವತ್ತು ನಿಲ್ತಾನೇ ಇಲ್ಲ. ಖಾಲಿ ಜಾಗ್ವೇ ಇಲ್ಲ ಸಾರ್. ಲೆನ್ಸ್‌ಗೆ ಮುಚ್ಳ ಆಕಿ ಯಾರೋ ಇದ್ರ ಮ್ಯಾಲೆ ರೆಕಾರ್ಡ್ ಮಾಡವ್ರೆ.”

“ಶಬ್ದ ಇದೆಯಾ?” ಎಂದರು ಶಿವಶಂಕರ್.

ರವೀಂದ್ರ ನಕ್ಕ. “ಸೌಂಡು ಯಾರ್ಗ್ ಬೇಕು ಸಾರ್? ಮದ್ವೆ ಅಂದ್ಮೇಲೆ ಬರೀ ಗಲಾಟೆ. ಇಪ್ಪತ್ತೈದ್ ವರ್ಸದಿಂದ ಸೌಂಡ್ ಕಿತ್ತಾಕಿ ಸಿನಿಮಾ ಆಡು ಆಕ್ತಾ ಇವ್ನಿ.”

ಅದು ನಿಜವೇ. ಕ್ಯಾಪ್ಚರ್ ಆದ ಕೂಡಲೇ ಶಬ್ದ ಅಳಿಸಿ ಹಾಡು ಹಾಕುವುದು ಈ ಕಸುಬಿನ ರೂಢಿ. ಕ್ಯಾಮೆರಾಕ್ಕೊಂದು ಮೈಕು ಇದೆ ಎಂಬುದು ಯಾರಿಗೂ ನೆನಪಿರುವುದಿಲ್ಲ.

ಹೇಮಶ್ರೀ ಹೆಡ್‌ಫೋನ್ ಹಾಕಿಕೊಂಡಳು. ಮೊದಲು ಕುರ್ಚಿ ಕಿರುಗುಟ್ಟಿತು. ಆ ಕಿರುಗುಟ್ಟುವಿಕೆ ಅವಳಿಗೆ ಗೊತ್ತು. ಅದರ ಮೇಲೆಯೇ ಅವಳು ಕೂತಿದ್ದಳು. ಆಮೇಲೆ ಯುಪಿಎಸ್ ಬೀಪ್ ಎಂದಿತು, ತುಸು ಬಿಟ್ಟು ಮತ್ತೆ ಬೀಪ್. ಕರೆಂಟು ಹೋದಾಗ ಅವಳ ಕಾಲ ಬುಡದಲ್ಲಿರುವ ಆ ಬ್ಯಾಟರಿ ಪೆಟ್ಟಿಗೆ ಹಾಗೆ ಕೂಗಿಕೊಳ್ಳುತ್ತದೆ. ಅದಕ್ಕಿಂತ ಹತ್ತಿರದಲ್ಲಿ, ಕಿವಿಗೇ ತಾಗುವಂತೆ, ಯಾರದೋ ಉಸಿರು. ಫೋನು ರಿಂಗಾಯಿತು. ಉಸಿರು ಮಾತಾಯಿತು.

ಆ ದನಿಯ ಮನುಷ್ಯ ಈಗ ಅವಳ ಬೆನ್ನ ಹಿಂದೆಯೇ, ಕುರ್ಚಿಯ ಮೇಲೆ ಕೈಯಿಟ್ಟು ನಿಂತಿದ್ದ.

“ಏನ್ ಮಗಾ?”

“ಏನಿಲ್ಲ ಮಾವ,” ಎಂದಳು. “ಗಾಳಿ ಸದ್ದು.”

ಚಿಕ್ಕಸ್ವಾಮಿ ಪಂಚನಾಮೆಯಲ್ಲಿ ಹಾಗೆಯೇ ಬರೆದು, ಓದಿ ಹೇಳಿ, ಪೆನ್ನು ಚಾಚಿದರು. “ಇಲ್ಲೊಂದು ರುಜು ಆಕವ್ವಾ. ನಾವು ಒರಡ್ತೀವಿ.”

“ನೀವ್ ಒರಡಿ ಸಾರ್,” ಎಂದ ರವೀಂದ್ರ. “ಅವ್ಳ್ ಜೊತೆ ನಾನಿರ್ತೀನಿ.”

ಹೇಮಶ್ರೀ ಪೆನ್ನು ಹಿಡಿಯಲಿಲ್ಲ. ಹೆಡ್‌ಫೋನಿನ ಪಿನ್ನು ಕಿತ್ತಳು. ಟೇಪು ಹಿಂದಕ್ಕೆ ಸುತ್ತಿದಳು. ಮೇಜಿನ ಮೇಲಿನ ಸ್ಪೀಕರಿನಿಂದ ರವೀಂದ್ರ ಹೆಂಡತಿಯೊಡನೆ ಮಾತಾಡುವ ದನಿ ಅಂಗಡಿಯ ತುಂಬ ಬಂತು: “ನಾಗಮಂಗಲ್ದಲ್ಲೇ ಇವ್ನಿ ಕಣೆ ಸರೋಜ. ಉಂಡ್ಬುಟ್ಟು ಬತ್ತೀನಿ. ಮಡುಗು ಫೋನು.” ಹಿಂದೆ ಯುಪಿಎಸ್ಸಿನ ಕೂಗು. ಅದಾದ ಮೇಲೆ ಅದೇ ಮನುಷ್ಯ ಬಾಯಿ ಮುಚ್ಚಿಕೊಂಡು ಅಳುವ ಸದ್ದು.

ಚಿಕ್ಕಸ್ವಾಮಿ ಹೋಗಿ ಬಾಗಿಲಿಗೆ ಅಡ್ಡ ನಿಂತರು. ರವೀಂದ್ರ ಓಡಲಿಲ್ಲ. ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದು, “ಮುಚ್ಳ ಆಕಿದ್ನಲ್ಲಾ,” ಎಂದ.

ಆ ಬೀದಿಯಲ್ಲಿ ಹಿಂದಿನ ರಾತ್ರಿ ಕರೆಂಟು ಹೋಗಿದ್ದನ್ನು ವಿದ್ಯುತ್ ಕಚೇರಿಯವರು ಖಚಿತಪಡಿಸಿದರು. ನಾಗಮಂಗಲದ ರಿಸೆಪ್ಷನ್ನಿಗೆ ಅವನು ಬೇರೊಬ್ಬನನ್ನು ಕಳಿಸಿದ್ದ. ಜೇಬಿನಲ್ಲಿ ಅಂಗಡಿಯ ಹಳೆಯ ಕೀಲಿ ಸಿಕ್ಕಿತು. ಸಂಜೆ ನಾಲ್ಕಕ್ಕೆ ಬಂಧನವಾಯಿತು.

ಹೇಳಿಕೆಯಲ್ಲಿ ಅವನು ಯಾವುದನ್ನೂ ಮುಚ್ಚಿಡಲಿಲ್ಲ. 2009ರ ಆ ಮದುವೆ ಮುಗಿಸಿ ತಿಮ್ಮರಾಜುವಿನ ವ್ಯಾನು ತಾನೊಬ್ಬನೇ ಓಡಿಸಿಕೊಂಡು ಬರುತ್ತಿದ್ದ. ಪಕ್ಕದ ಸೀಟಿನಲ್ಲಿ ನಿಲ್ಲಿಸಿದ್ದ ಕ್ಯಾಮೆರಾ ಹೇಗೋ ಚಾಲೂ ಆಗಿತ್ತು. ಗದ್ದೆಗೆ ನೀರು ಕಟ್ಟಿ ಮನೆಗೆ ನಡೆದು ಹೋಗುತ್ತಿದ್ದ ದ್ಯಾವಯ್ಯನೆಂಬ ರೈತನಿಗೆ ವ್ಯಾನು ಬಡಿಯಿತು. ಇಳಿದು ನೋಡಿದ. ದ್ಯಾವಯ್ಯ ನೀರು ಕೇಳಿದ. ರವೀಂದ್ರ ವ್ಯಾನು ಹತ್ತಿ ಹೊರಟುಬಂದ. ಬೆಳಗಾಗುವಷ್ಟರಲ್ಲಿ ದ್ಯಾವಯ್ಯ ಸತ್ತಿದ್ದ. ಎಡಿಟ್ ಮಾಡುವಾಗ ಅದನ್ನೆಲ್ಲ ಕಂಡು ಹೆದರಿದ. ಅಳಿಸುವ ಮೊದಲೇ ಬೆಟ್ಟಮ್ಮನ ಕಡೆಯವರು ಮೂಲ ಕ್ಯಾಸೆಟ್ಟೂ ತಮ್ಮದೇ ಎಂದು ಹಟ ಹಿಡಿದು ಒಯ್ದಿದ್ದರು.



ಅಜಾಗರೂಕ ಚಾಲನೆಯಿಂದಾದ ಸಾವಿನ ಪ್ರಕರಣಕ್ಕೆ ಮೂರು ವರ್ಷದ ಕಾಲಮಿತಿ. ಅದು ಎಂದೋ ಮುಗಿದಿತ್ತು. ಕ್ಯಾಸೆಟ್ಟಿನ ತಂಟೆಗೆ ಹೋಗದಿದ್ದರೆ ಅವನ ಮೇಲೆ ಕೇಸು ನಿಲ್ಲುವುದೇ ಕಷ್ಟವಿತ್ತು. ಈಗ ಅಕ್ರಮ ಪ್ರವೇಶ ಮತ್ತು ಸಾಕ್ಷ್ಯ ನಾಶದ ಆರೋಪ ಅವನ ಮೇಲಿತ್ತು. ಶಿವಶಂಕರ್ ಅದನ್ನು ಹೇಳಿದಾಗ ರವೀಂದ್ರ, “ಗೊತ್ತಿರ್ನಿಲ್ಲ ಸಾರ್,” ಎಂದ. ಮರುದಿನ ನ್ಯಾಯಾಲಯ ಅವನನ್ನು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿತು.

ದ್ಯಾವಯ್ಯನ ಮನೆಗೆ ವಿಷಯ ತಿಳಿಸಲು ಚಿಕ್ಕಸ್ವಾಮಿ ಸಂತೆಬಾಚಹಳ್ಳಿಗೆ ಹೊರಟಾಗ ಹೇಮಶ್ರೀ ತಾನೂ ಬರುತ್ತೇನೆಂದಳು. ವ್ಯಾನು ತನ್ನ ಅಪ್ಪನದು ಎಂಬುದು ಅವಳನ್ನು ಕೂರಲು ಬಿಟ್ಟಿರಲಿಲ್ಲ. ಬಾಗಿಲಿಗೆ ಬಂದವಳು ದ್ಯಾವಯ್ಯನ ಮಗಳು ಅನು. ಚಿಕ್ಕಸ್ವಾಮಿ ಹೇಳಿ ಮುಗಿಸುವವರೆಗೂ ಅವಳು ಕಂಬ ಹಿಡಿದು ನಿಂತಿದ್ದಳು.

“ಅವ್ನು ಇಳ್ದು ನೋಡ್ದಾಗ ನಮ್ಮಪ್ಪಂಗೆ ಜೀವ ಇತ್ತಾ?”

ಚಿಕ್ಕಸ್ವಾಮಿ ಟೋಪಿ ತೆಗೆದರು. “ಇತ್ತು ಕಣವ್ವಾ.”

ಅನು ಒಳಗೆ ಹೋಗಿ ಇಬ್ಬರಿಗೂ ಕುಡಿಯಲು ನೀರು ತಂದುಕೊಟ್ಟಳು.