ಎಂಟನೆಯ ಲಕೋಟೆ

ಏಳು ಲಕೋಟೆಗಳಲ್ಲಿ ಪಾಸ್‌ಪೋರ್ಟ್ ಇತ್ತು. ಎಂಟನೆಯದರಲ್ಲಿ ಇರಲಿಲ್ಲ.

ಹೊಲಿಗೆಯಕ್ಕ ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿದಳು. ಮೇಜಿನ ಮೇಲೆ ಬಿದ್ದದ್ದು ಒಂದೇ ಒಂದು ಹಾಳೆ. ಶುಕ್ರವಾರ ಸಂಜೆ ಆರು ಹತ್ತಕ್ಕೆ ವಿಮಾನ, ಏಳು ನಲವತ್ತಕ್ಕೆ ಇಳಿಯುವುದು, ಎಂಟೂವರೆಗೆ ಹೋಟೆಲು, ಶನಿವಾರ ಏಳೂಕಾಲಿಗೆ ತಿಂಡಿ, ಎಂಟಕ್ಕೆ ಹಳೇ ಸೇತುವೆ — ಹೀಗೆ ಭಾನುವಾರ ಸಂಜೆಯವರೆಗೂ ಉಸಿರಾಡಲು ಮಾತ್ರ ಬಿಡುವು ಕೊಟ್ಟ ವೇಳಾಪಟ್ಟಿ.

"ಎಲ್ಲಿ ನನ್ನ ಪಾಸ್‌ಪೋರ್ಟು?"

"ಅದರಲ್ಲೇ ಇರಬೇಕಲ್ಲ," ಎಂದ ನಿಮಿಷಪ್ಪ.

"ಇಲ್ಲ."

"ಸರಿಯಾಗಿ ನೋಡಿ, ಅಕ್ಕ."

"ಇದೇನು ಅಕ್ಕಿ ಚೀಲವೇ, ಕೈ ಹಾಕಿ ತಡಕೋಕೆ? ಇಲ್ಲ ಅಂದ್ರೆ ಇಲ್ಲ!"

ಗೋಡೆಯ ಗಡಿಯಾರದಲ್ಲಿ ಹತ್ತೂಕಾಲು.

ನಿಮಿಷಪ್ಪ ಅಂದರೆ ಆ ಬೀದಿಗೆಲ್ಲ ಗೊತ್ತು. ಹತ್ತು ಅಡಿ ಅಗಲದ ಆಫೀಸು, ಎರಡು ಮೇಜು, ಒಂದು ಪ್ರಿಂಟರು. ಅಲ್ಲಿ ಕೂತು ಅವನು ಜನರನ್ನು ಶುಕ್ರವಾರ ಸಂಜೆ ಹಾರಿಸಿ, ಎರಡು ದಿನ ಪರದೇಶದ ಊರು ಸುತ್ತಿಸಿ, ಭಾನುವಾರ ವಾಪಸ್ ಮನೆಗೆ ತಲುಪಿಸುತ್ತಿದ್ದ. ಹನ್ನೊಂದು ವರ್ಷದಲ್ಲಿ ಅವನ ಒಬ್ಬನೇ ಒಬ್ಬ ಗಿರಾಕಿಯೂ ವಿಮಾನ ತಪ್ಪಿಸಿಕೊಂಡಿರಲಿಲ್ಲ. ಇದನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಪಾಸ್‌ಪೋರ್ಟನ್ನು ಮನೆಯಲ್ಲಿ ಮರೆತು ಬರುವ ಪುಣ್ಯಾತ್ಮರಿಗೆ ಹೆದರಿ ಎಲ್ಲರದನ್ನೂ ಬುಧವಾರವೇ ಇಸಿದುಕೊಂಡು, ಶುಕ್ರವಾರ ಬೆಳಿಗ್ಗೆ ವೇಳಾಪಟ್ಟಿ, ಬೋರ್ಡಿಂಗ್ ಪಾಸಿನ ಜೊತೆ ಲಕೋಟೆಯಲ್ಲಿಟ್ಟು ಕೊಡುವುದು ಅವನ ಪದ್ಧತಿ. ಬೋರ್ಡಿಂಗ್ ಪಾಸನ್ನು ಪಾಸ್‌ಪೋರ್ಟಿನ ಹಾಳೆಗಳ ನಡುವೆಯೇ ಸಿಕ್ಕಿಸಿರುತ್ತಿದ್ದ. ಹಾಗಾಗಿ ಈಗ ಪಾಸ್‌ಪೋರ್ಟು ಹೋದ ಮೇಲೆ ಪಾಸೂ ಹೋಯಿತು.

ಉಳಿದ ಆರು ಜನ ಬೆಳಿಗ್ಗೆಯೇ ಬಂದು ತಮ್ಮ ಲಕೋಟೆ ಒಯ್ದಿದ್ದರು. ಈಗ ಆಫೀಸಿನಲ್ಲಿದ್ದವರು ನಾಲ್ಕೇ ಜನ — ಹೊಲಿಗೆಯಕ್ಕ, ನಿಮಿಷಪ್ಪ, ಫೋನು ನೋಡಿಕೊಳ್ಳುವ ಅವನ ನಾದಿನಿ, ಮತ್ತು ಇದೇ ಪ್ರವಾಸಕ್ಕೆ ಹೊರಟಿದ್ದ ಸಿಕ್ತಜ್ಜಿ.

ಸಿಕ್ತಜ್ಜಿ ಇಪ್ಪತ್ತೆಂಟು ವರ್ಷ ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನಿನ ಕಿಟಕಿ ನೋಡಿಕೊಂಡವಳು. ಕೊಡೆ, ಕನ್ನಡಕ, ಒಮ್ಮೆ ಒಂದು ಕಟ್ಟುಹಲ್ಲು — ಏನು ಸಿಕ್ಕರೂ "ಸಿಕ್ತು!" ಅಂತ ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗುತ್ತಿದ್ದಳಂತೆ. ಹೆಸರು ಹಾಗೇ ಅಂಟಿಕೊಂಡಿತ್ತು.

"ಕೂತ್ಕೋ ತಾಯಿ," ಎಂದಳು ಅಜ್ಜಿ.

ಕೂರುವುದೆಲ್ಲಿ? ಹೊಲಿಗೆಯಕ್ಕ ಬಾಗಿಲಿಗೆ ಹೋದಳು, ಕಿಟಕಿಗೆ ಬಂದಳು, ಮತ್ತೆ ಬಾಗಿಲಿಗೆ ಹೋದಳು. ನಿಮಿಷಪ್ಪ ಖಾನೆಗಳನ್ನು ಒಂದೊಂದಾಗಿ ಎಳೆದು ನೆಲಕ್ಕೆ ಸುರಿದ. ಕಪಾಟು ತೆರೆದ. ಕಸದ ಬುಟ್ಟಿ ಬೋರಲು ಹಾಕಿದ. ಮೇಜಿನ ಕೆಳಗೆ ಅಂಗಾತ ಮಲಗಿ ನೋಡಿದ.

"ಕೊನೇ ಸಲ ಯಾವಾಗ ನೋಡಿದ್ದು?" ಅಜ್ಜಿ ಕೇಳಿದಳು.

"ಇವತ್ತು ಬೆಳಿಗ್ಗೆ ಒಂಬತ್ತಕ್ಕೆ. ನಾನೇ ಎಣಿಸಿದೆ. ಎಂಟೂ ಇತ್ತು."

"ಆಮೇಲೆ, ಲಕೋಟೆ ಒಯ್ದವರನ್ನ ಬಿಟ್ಟು, ಬೇರೆ ಯಾರು ಬಂದ್ರು?"

ನಿಮಿಷಪ್ಪ ತಡವರಿಸಿದ. "ಹೇಳೋಕೆ ಒಂಥರಾ ಆಗುತ್ತೆ. ಅಕ್ಕನ ಯಜಮಾನ್ರು ಬಂದಿದ್ರು. ಒಂಬತ್ತೂಕಾಲಿಗೆ. ಶಾಲು ಕೊಟ್ಟು ಹೋದ್ರು. ಈ ಮೇಜಿನ ಪಕ್ಕಾನೇ ನಿಂತಿದ್ರು."

ಹೊಲಿಗೆಯಕ್ಕನ ಓಡಾಟ ನಿಂತಿತು. ಗಂಡನೇ? ಅವನಿಗೆ ಗೊತ್ತಾಗಿಬಿಟ್ಟಿತೇ?

ಅಲ್ಲೇ ಇತ್ತು ಅವಳ ಗುಟ್ಟು. ಅವಳು ಹೊರಟದ್ದು ಹಳೇ ಸೇತುವೆ ನೋಡಲಿಕ್ಕಲ್ಲ. ಆ ಊರಿನ ಆಸ್ಪತ್ರೆಯಲ್ಲಿ ಅವಳ ತಂಗಿ ಮಲಗಿದ್ದಳು. ಒಂಬತ್ತು ವರ್ಷದ ಹಿಂದೆ ಒಂದು ಮದುವೆ ಮನೆಯಲ್ಲಿ ಆ ತಂಗಿ ನಾಲಿಗೆ ಹರಿಯಬಿಟ್ಟು, ನೆಂಟರೆಲ್ಲರ ಎದುರಿಗೆ ಭಾವನನ್ನು ಕೈಲಾಗದವನು ಅಂದಿದ್ದಳು. ಅವತ್ತೇ ಗಂಡ ಕಡ್ಡಿ ಮುರಿದಂತೆ ಹೇಳಿದ್ದ: "ಆ ಮನೆ ಹೆಸರು ಎತ್ತಬೇಡ." ಇವಳೂ ಸಿಟ್ಟಿನಲ್ಲಿ "ನನಗೆ ತಂಗೀನೇ ಇಲ್ಲ" ಅಂದುಬಿಟ್ಟಿದ್ದಳು. ಹತ್ತು ದಿನದ ಹಿಂದೆ ಫೋನು ಬಂತು. "ಅಕ್ಕಾ, ಸೋಮವಾರ ಬೆಳಿಗ್ಗೆ ನನ್ನ ಎದೆ ಕೊಯ್ತಾರಂತೆ. ಉಳೀತೀನೋ ಇಲ್ವೋ. ಅದಕ್ಕೆ ಮುಂಚೆ ಒಂದ್ಸಲ ಬರ್ತೀಯಾ?" ಅಷ್ಟು ವರ್ಷದ ಹಟ ಆ ಒಂದು ಮಾತಿಗೆ ಕರಗಿ ನೀರಾಯಿತು. ಆದರೆ ಗಂಡನ ಮುಂದೆ ಯಾವ ಮುಖ ಇಟ್ಟುಕೊಂಡು ಹೇಳುವುದು? "ಎರಡು ದಿನ ಮೋಜು ಮಾಡಿ ಬರ್ತೀನಿ" ಅಂದಳು. ನಿಮಿಷಪ್ಪನಿಗೂ ಅದನ್ನೇ ಅಂದಳು.

ಅವಳು ಮನೆಗೆ ಫೋನು ಒತ್ತಿದಳು.

"ರೀ, ಬೆಳಿಗ್ಗೆ ಇಲ್ಲಿಗೆ ಬಂದಿದ್ರಾ?"

"ಹೂಂ. ಶಾಲು ಮರ್ತು ಹೋಗಿದ್ಯಲ್ಲ. ನೀನಿನ್ನೂ ಅಲ್ಲಿಗೆ ಬಂದಿರ್ಲಿಲ್ಲ, ಕೊಟ್ಟು ಬಂದೆ. ವಿಮಾನದಲ್ಲಿ ಚಳಿ ಅಂತಾರೆ."

"ಮೇಜಿನ ಮೇಲಿಂದ ಏನಾದ್ರೂ ತಗೊಂಡ್ರಾ?"

"ಏನು ತಗೊಳ್ಳೋದು?"

"ನನ್ನ ಪಾಸ್‌ಪೋರ್ಟು."

"ನಾನೇನು ಕಳ್ಳನೇನೇ?" ಎಂದು ಗಂಡ ಫೋನು ಇಟ್ಟ.

ಹೊಲಿಗೆಯಕ್ಕನಿಗೆ ಅಳು ಉಕ್ಕಿ ಬಂತು. ಅಜ್ಜಿ ಅವಳ ತೋಳು ಹಿಡಿದು ಮೆಟ್ಟಿಲ ಬಳಿಗೆ ಕರೆದೊಯ್ದಳು.

"ಎರಡು ದಿನದ ಸುತ್ತಾಟ ತಪ್ಪಿದ್ರೆ ಯಾರೂ ಹೀಗೆ ಅಳಲ್ಲ. ನಿಜ ಹೇಳು."

ಅವಳು ಹೇಳಿದಳು. ಎಲ್ಲವನ್ನೂ, ಒಂದೇ ಉಸಿರಿಗೆ.

"ನಿನ್ನ ಗಂಡನಿಗೆ ಗೊತ್ತಾ?"

"ಗೊತ್ತಾಗಿರಬೇಕು. ಇಲ್ಲದಿದ್ರೆ ಯಾಕೆ ಬಚ್ಚಿಡ್ತಾರೆ?"

"ಬಚ್ಚಿಟ್ರು ಅಂತ ನೀನೇ ತೀರ್ಮಾನ ಮಾಡಿಬಿಟ್ಯಾ? ತಾಳು. ತಾಳಿದವಳು ಬಾಳಿಯಾಳು."

"ತಾಳೋಕೆ ಸಮಯ ಎಲ್ಲಿದೆ ಅಜ್ಜಿ?"

ಅದೂ ನಿಜವೇ. ಹತ್ತು ಐವತ್ತು ಆಗಿತ್ತು.

ಒಳಗೆ ಬಂದರೆ ಫೋನು ಹೊಡೆದುಕೊಳ್ಳುತ್ತಿತ್ತು. ನಾದಿನಿ ಎತ್ತಿದಳು, ಪಕ್ಕದಲ್ಲಿದ್ದ ತಿಳಿನೀಲಿ ಬಣ್ಣದ ದಪ್ಪ ಕಾಗದದ ತುಂಡಿನ ಮೇಲೆ ಏನೋ ಗೀಚಿಕೊಂಡಳು. "ವ್ಯಾನಿನ ಡ್ರೈವರು ಭಾವ. ಮೂರೂವರೆಗೆ ಬರ್ತಾನಂತೆ. ಎಂಟು ಜನಾನೇ ತಾನೇ ಅಂತ ಕೇಳ್ತಿದಾನೆ."

"ಏಳು ಅಂತ ಹೇಳು," ಎಂದ ನಿಮಿಷಪ್ಪ, ನೆಲದ ಮೇಲಿನಿಂದಲೇ. ಮತ್ತೆ ಹೊಲಿಗೆಯಕ್ಕನ ಕಡೆ ತಿರುಗಿದ. "ಬೇಜಾರು ಮಾಡ್ಕೋಬೇಡಿ ಅಕ್ಕ. ಮುಂದಿನ ಶುಕ್ರವಾರ ಕಳಿಸಿಕೊಡ್ತೀನಿ. ಊರೇನು ಓಡಿಹೋಗುತ್ತಾ?"

ಅಜ್ಜಿ ಅವನನ್ನೇ ನೋಡಿದಳು. ಆಮೇಲೆ ನಾದಿನಿಯ ಮೇಜಿನ ಹತ್ತಿರ ಹೋಗಿ ಆ ನೀಲಿ ತುಂಡನ್ನು ಎತ್ತಿಕೊಂಡಳು. ತಿರುಗಿಸಿ ನೋಡಿದಳು. ಹಿಂಬದಿ ಖಾಲಿ.

"ಇದು ಎಲ್ಲಿತ್ತಮ್ಮ?"

"ಪ್ರಿಂಟರ್ ಪಕ್ಕ ಬಿದ್ದಿತ್ತು. ಬೆಳಿಗ್ಗೆ ಕಸ ಗುಡಿಸೋವಾಗ ಸಿಕ್ತು. ಚೆನ್ನಾಗಿದೆಯಲ್ಲ ಅಂತ ಬರೆಯೋಕೆ ಇಟ್ಕೊಂಡೆ."

"ಈ ಕಾಗದ ಯಾತಕ್ಕೆ ಬಳಸ್ತೀರಿ?"

"ಬೋರ್ಡಿಂಗ್ ಪಾಸಿಗೆ ಮಾತ್ರ. ಬೇರೆ ಯಾವುದಕ್ಕೂ ಭಾವ ಮುಟ್ಟೋಕೆ ಬಿಡಲ್ಲ."

"ಒಂದು ಹಾಳೆಗೆ ಎಷ್ಟು ಪಾಸು?"

"ಎರಡು. ಮಧ್ಯಕ್ಕೆ ಕತ್ತರಿಸ್ತಾರೆ."

"ಪ್ರತಿ ಸಲಾನೂ ಹೀಗೆ ತುಂಡು ಉಳಿಯುತ್ತಾ?"

"ಇಲ್ಲಪ್ಪ. ಜನ ಐದೋ ಏಳೋ ಇದ್ರೆ ಮಾತ್ರ ಅರ್ಧ ಉಳಿಯುತ್ತೆ. ಈ ಸಲ ಎಂಟು ಜ..."

ನಾದಿನಿಯ ಮಾತು ಅಲ್ಲಿಗೇ ನಿಂತಿತು. ಮೇಜಿನ ಕೆಳಗಿನಿಂದ ಬರುತ್ತಿದ್ದ ಸದ್ದೂ ನಿಂತಿತು.

ಹೊಲಿಗೆಯಕ್ಕ ಮುಂದೆ ಬಂದಳು. ಅಜ್ಜಿಯ ಬೋರ್ಡಿಂಗ್ ಪಾಸನ್ನು ಇಸಿದುಕೊಂಡು ನೀಲಿ ತುಂಡಿನ ಮೇಲಿಟ್ಟಳು. ಅಗಲ ಅದೇ, ಉದ್ದ ಅದೇ. ಇಪ್ಪತ್ತು ವರ್ಷ ಬಟ್ಟೆ ಕತ್ತರಿಸಿದ ಕೈಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎಂಟು ರವಿಕೆಗೆ ಅಳೆದು ತಂದ ಬಟ್ಟೆಯಲ್ಲಿ ಒಂದು ರವಿಕೆಯಷ್ಟು ಉಳಿದರೆ, ಹೊಲಿದದ್ದು ಏಳೇ.

"ನನ್ನ ಪಾಸು ಕಳೆದುಹೋಗಿಲ್ಲ," ಎಂದಳು. "ಅಚ್ಚೇ ಆಗಿಲ್ಲ."

"ಹೌದು ತಾಯಿ," ಎಂದಳು ಅಜ್ಜಿ. "ಇಷ್ಟು ಹೊತ್ತೂ ಏನು ಕಳೆದುಹೋಯ್ತು ಅಂತ ಹುಡುಕ್ತಿದ್ವಿ. ಏನು ಇರಲೇ ಇಲ್ಲ ಅಂತ ಯಾರೂ ನೋಡ್ಲಿಲ್ಲ. ಏಳಪ್ಪ ನಿಮಿಷಪ್ಪ, ಮೇಲೆ ಬಾ. ನನ್ನ ಪಾಸಿನ ಅಂಚಲ್ಲಿ ಅಚ್ಚಾದ ಹೊತ್ತು ಇದೆ. ನಿನ್ನೆ ಸಂಜೆ ಆರು ಹನ್ನೆರಡು. ವಿಮಾನಕ್ಕೆ ಇಪ್ಪತ್ನಾಲ್ಕು ಗಂಟೆ ಇದೆ ಅನ್ನೋವಾಗ ಚೆಕ್-ಇನ್ ತೆರೆಯುತ್ತೆ, ತೆರೆದ ಕ್ಷಣ ನೀನು ಒಳಗಿರ್ತೀಯ, ಎಲ್ಲರಿಗೂ ಮುಂದಿನ ಸೀಟು ಹಿಡೀತೀಯ. ನೀನೇ ನೂರು ಸಲ ಕೊಚ್ಚಿಕೊಂಡಿದ್ದೀಯ. ಪಾಸ್‌ಪೋರ್ಟು ಇವತ್ತು ಬೆಳಿಗ್ಗೆವರೆಗೂ ಇತ್ತು ಅಂತೀಯ. ಹಾಗಾದ್ರೆ ನಿನ್ನೆ ಸಂಜೆ ಏಳೇ ಜನಕ್ಕೆ ಯಾಕೆ ಪಾಸು ತೆಗೆದೆ?"

ನಿಮಿಷಪ್ಪ ಎದ್ದು ನಿಂತ. ಅಂಗಿಯ ತುಂಬ ಧೂಳು.

"ಇವಳು ಬರಲ್ಲ ಅಂತ ನಿನಗೆ ನಿನ್ನೇನೇ ಗೊತ್ತಿತ್ತು. ಅವಳ ಗಂಡ ಕಾಲಿಡೋದಕ್ಕೆ ಹದಿನೈದು ಗಂಟೆ ಮುಂಚೆ. ಆ ಪಾಪದ ಮನುಷ್ಯ ಶಾಲು ತಂದುಕೊಟ್ಟ, ನೀನು ಅವನ ತಲೆಗೆ ಕಟ್ಟಿದೆ!"

"ಅಜ್ಜಿ, ನಾನು..."

"ಇನ್ನೊಂದು ಮಾತು ಕೇಳು. ನಿಜವಾಗಿ ಹುಡುಕೋನು ಕಂಡಕಂಡ ಕಡೆ ಎಲ್ಲ ಹುಡುಕ್ತಾನೆ. ಬಚ್ಚಿಟ್ಟೋನು ಒಂದು ಜಾಗ ಬಿಟ್ಟು ಹುಡುಕ್ತಾನೆ. ಖಾನೆ ನೋಡಿದೆ, ಕಪಾಟು ನೋಡಿದೆ, ಕಸದ ಬುಟ್ಟಿ ನೋಡಿದೆ. ಪ್ರಿಂಟರ್ ಕಡೆ ತಿರುಗಿಯೂ ನೋಡಲಿಲ್ಲ."

ಅವನು ಪ್ರಿಂಟರಿನ ತಟ್ಟೆ ಎಳೆದು, ನೀಲಿ ಹಾಳೆಗಳ ಕಟ್ಟಿನ ಅಡಿಯಿಂದ ಪಾಸ್‌ಪೋರ್ಟು ತೆಗೆದು ಮೇಜಿನ ಮೇಲಿಟ್ಟ.

"ಯಾಕೆ?" ಹೊಲಿಗೆಯಕ್ಕ ಕೇಳಿದಳು.

"ನೀವು ಕೊನೇಲಿ ಸೇರ್ಕೊಂಡ್ರಿ ಅಕ್ಕ. ನಿಮ್ಮ ಟಿಕೆಟ್ ಬೇರೆ ತೆಗೆದೆ. ಆತುರದಲ್ಲಿ... ತಿಂಗಳ ಪುಟದಲ್ಲಿ ಶುಕ್ರವಾರದ ಕೆಳಗೆ ಶುಕ್ರವಾರ ಇರುತ್ತಲ್ಲ, ಒಂದು ಸಾಲು ಕೆಳಗೆ ಒತ್ತಿಬಿಟ್ಟಿದೀನಿ. ಹೋಗೋದು, ಬರೋದು ಎರಡೂ ಮುಂದಿನ ವಾರಕ್ಕೆ. ನಿನ್ನೆ ಚೆಕ್-ಇನ್ ಮಾಡೋಕೆ ಹೋದಾಗ ಗೊತ್ತಾಯ್ತು. ಇವತ್ತಿನ ವಿಮಾನ ಭರ್ತಿ. ಹನ್ನೊಂದು ವರ್ಷ ಅಕ್ಕ! ಒಂದೇ ಒಂದು ತಪ್ಪಿಲ್ಲ. ಸೋಮವಾರ ಪಾಸ್‌ಪೋರ್ಟು ಸಿಕ್ತು ಅಂತ ಹೇಳಿ, ಮುಂದಿನ ವಾರ ಅದೇ ಟಿಕೆಟಲ್ಲಿ ಕಳಿಸೋಣ ಅಂದ್ಕೊಂಡೆ. ಎರಡು ದಿನದ ಮೋಜು ತಾನೇ, ಒಂದು ವಾರ ತಡ ಆದ್ರೆ ಯಾರಿಗೆ ಏನು ನಷ್ಟ ಅಂತ..."

"ಸೋಮವಾರ ನನ್ನ ತಂಗಿ ಎದೆ ಕೊಯ್ತಾರೆ."

ಅವಳು ಕೂಗಲಿಲ್ಲ. ಕೂಗಿದ್ದರೇ ಚೆನ್ನಾಗಿತ್ತು. ನಿಮಿಷಪ್ಪನ ಮುಖ ಬಿಳಿಚಿಕೊಂಡಿತು.

"ನನಗೆ ಗೊತ್ತಿರಲಿಲ್ಲ... ದೇವರಾಣೆ ಗೊತ್ತಿರಲಿಲ್ಲ. ಅಕ್ಕ, ನನ್ನನ್ನ ಕ್ಷಮಿ..."

"ಕ್ಷಮೆ ಗಿಮೆ ಆಮೇಲೆ! ಇವತ್ತು ನಾನು ಅಲ್ಲಿಗೆ ಹೋಗಬೇಕು. ಹೇಗೆ ಅಂತ ನೀನೇ ಹೇಳು!"

ಹನ್ನೊಂದು ಹತ್ತು. ನಿಮಿಷಪ್ಪ ಕುರ್ಚಿ ಎಳೆದುಕೊಂಡ. ತಪ್ಪು ಮಾಡಿದವನೇ ಆದರೂ ಕೆಲಸ ಬಲ್ಲವನು. ಒಂದು ವಿಮಾನ ನೋಡಿದ — ಭರ್ತಿ. ಇನ್ನೊಂದು — ಆಗಲೇ ಹೊರಟಿದೆ. ಅದೇ ದೇಶದ ಕರಾವಳಿಯ ಊರೊಂದಕ್ಕೆ ಒಂದೂವರೆಗೆ ಒಂದಿತ್ತು. ಸೀಟು? ಒಂದು ಇತ್ತು. ಅಲ್ಲಿಂದ ರೈಲು? ನಾಲ್ಕಕ್ಕೆ. ಐದು ಗಂಟೆಯ ದಾರಿ. ನಾದಿನಿ ಫೋನಿನಲ್ಲಿ ವ್ಯಾನಿನವನನ್ನು ಬೈದು ಬೈದು ಈಗಲೇ ಬಾ ಎಂದು ಕರೆಯುತ್ತಿದ್ದಳು. ಹೊಲಿಗೆಯಕ್ಕ ಅವನ ಹೆಗಲ ಮೇಲಿಂದ ಬಗ್ಗಿ ಪರದೆಯನ್ನೇ ನೋಡುತ್ತಿದ್ದಳು.

"ಶುಕ್ರವಾರಾನಾ? ತಾರೀಖು ನೋಡು."

"ನೋಡಿದೆ ಅಕ್ಕ."

"ಇನ್ನೊಂದ್ಸಲ ನೋಡು. ಗಟ್ಟಿಯಾಗಿ ಓದು."

ಅವನು ಗಟ್ಟಿಯಾಗಿ ಓದಿದ. ಅಜ್ಜಿಯೂ ಕನ್ನಡಕ ಏರಿಸಿಕೊಂಡು ಓದಿದಳು. ಆಮೇಲೇ ಗುಂಡಿ ಒತ್ತಿದ್ದು.

ವ್ಯಾನಿಗೆ ಅಜ್ಜಿಯೂ ಹತ್ತಿದಳು. ದಾರಿಯುದ್ದಕ್ಕೂ ಹೊಲಿಗೆಯಕ್ಕ ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದಳು. ಒಂದೊಂದು ಕೆಂಪು ದೀಪಕ್ಕೂ ಅವಳ ಜೀವ ಹೋಗಿ ಬರುತ್ತಿತ್ತು.

"ಅವನದ್ದು ತಪ್ಪು, ಮಾತೇ ಇಲ್ಲ," ಎಂದಳು ಅಜ್ಜಿ. "ಆದ್ರೆ ಮೊದಲ ದಿನಾನೇ ತಂಗಿಗೆ ಹುಷಾರಿಲ್ಲ ಅಂದಿದ್ರೆ ನಿನ್ನೆ ಸಂಜೇನೇ ಬಂದು ನಿನ್ನ ಕಾಲು ಹಿಡೀತಿದ್ದ. ಅವನು ತನ್ನ ಹೆಸರು ಹೋಗುತ್ತೆ ಅಂತ ಮುಚ್ಚಿಟ್ಟ. ನೀನು ಯಾತಕ್ಕೆ ಮುಚ್ಚಿಟ್ಟೆ?"

ಹೊಲಿಗೆಯಕ್ಕ ಕಿಟಕಿಯಾಚೆ ನೋಡಿದಳು. "ಒಂಬತ್ತು ವರ್ಷ ತಂಗಿ ಇಲ್ಲ ಅಂದ್ಕೊಂಡು ತಿರುಗಿದವಳು ನಾನು, ಅಜ್ಜಿ. ನಾಚಿಕೆ ಆಯ್ತು."

ವಿಮಾನ ನಿಲ್ದಾಣದ ಬಾಗಿಲಿನಲ್ಲಿ ಇಳಿದಾಗ ಹನ್ನೆರಡು ಹತ್ತು. ಅವಳು ಚೀಲ ಕೆಳಗಿಟ್ಟು ಫೋನು ತೆಗೆದಳು.

"ಹೊತ್ತಾಯ್ತು, ಆಮೇಲೆ ಮಾಡು," ಎಂದಳು ಅಜ್ಜಿ.

"ಇಲ್ಲ, ಈಗಲೇ."

ಗಂಡ ಎತ್ತಿದ.

"ರೀ, ಬೆಳಿಗ್ಗೆ ನಿಮ್ಮನ್ನ ಅನುಮಾನಿಸಿದೆ. ತಪ್ಪಾಯ್ತು. ಇನ್ನೊಂದು ವಿಷಯ. ನಾನು ಊರು ನೋಡೋಕೆ ಹೋಗ್ತಿಲ್ಲ. ನನ್ನ ತಂಗಿ ಹತ್ರ ಹೋಗ್ತಿದೀನಿ. ಆಸ್ಪತ್ರೇಲಿದಾಳೆ. ಸೋಮವಾರ ಆಪರೇಷನ್ನು."

ಅವಳು ಕಾದಳು. ಜನ ಪೆಟ್ಟಿಗೆ ಎಳೆದುಕೊಂಡು ಅವಳನ್ನು ಬಳಸಿ ಒಳಗೆ ಹೋಗುತ್ತಿದ್ದರು.

"ವಾಪಸ್ ಯಾವಾಗ?" ಗಂಡ ಕೊನೆಗೆ ಕೇಳಿದ.

"ಗೊತ್ತಿಲ್ಲ ಕಣ್ರೀ. ಅವಳು ಕಣ್ಣು ಬಿಟ್ಟು, ನನ್ನ ಜೊತೆ ಮತ್ತೆ ಜಗಳ ಶುರು ಮಾಡಿದ ಮೇಲೆ."

ಚೀಲ ಎತ್ತಿಕೊಂಡು ಅವಳು ಒಳಗೆ ಓಡಿದಳು.