ಅಕ್ಕ ಕೊಟ್ಟ ಎರಡು ದೀಪ

ಬೆಳಿಗ್ಗೆ ಹತ್ತು ಗಂಟೆಗೆ ಹಲ್ಲಿನ ಡಾಕ್ಟರ ಹೆಣ ನೀರಿನಿಂದ ಮೇಲೆ ಬಂತು.

ಅದೊಂದು ಹಳೆಯ ಕಲ್ಲು ಕ್ವಾರಿ. ಕೆಲಸ ನಿಂತು, ನೀರು ತುಂಬಿ, ಈಗ ಸ್ಕೂಬಾ ಡೈವಿಂಗ್ ಕಲಿಯುವವರ ಜಾಗ. ತಳದಲ್ಲಿ ಕಲ್ಲು ಸಾಗಿಸುತ್ತಿದ್ದ ಸುರಂಗವೊಂದಿದೆ. ಡಾಕ್ಟರು ಸಿಕ್ಕಿದ್ದು ಅದರೊಳಗೆ. ಸಿಲಿಂಡರಿನಲ್ಲಿ ಗಾಳಿ ಮುಗಿದಿತ್ತು. ಕೈಯಲ್ಲಿದ್ದ ದೊಡ್ಡ ದೀಪದ ವೈರು ಕಿತ್ತಿತ್ತು. ಎದೆಪಟ್ಟಿಗೆ ಸಿಕ್ಕಿಸಿದ್ದ ಎರಡು ಚಿಕ್ಕ ಬ್ಯಾಕಪ್ ದೀಪಗಳೂ ಉರಿಯುತ್ತಿರಲಿಲ್ಲ.

ಇನ್ಸ್‌ಪೆಕ್ಟರಿಗೆ ಈಜು ಬಾರದು. ನೀರಿನಿಂದ ಹತ್ತು ಮಾರು ದೂರ ನಿಂತೇ ವಿಚಾರಣೆ ಶುರು ಮಾಡಿದರು.

ಡಾಕ್ಟರ ಜೊತೆ ಇಳಿದಿದ್ದವರು ಡೈವಿಂಗ್ ಶಾಲೆಯ ಮೇಷ್ಟ್ರು. ಒದ್ದೆ ಉಡುಪಿನಲ್ಲೇ ಬಂಡೆಯ ಮೇಲೆ ಕೂತಿದ್ದರು.

"ನಾನು ಮುಂದೆ ಇದ್ದೆ ಸಾರ್. ತಿರುಗಿ ನೋಡಿದ್ರೆ ಹಿಂದೆ ಬೆಳಕೇ ಇಲ್ಲ. ಹುಡುಕಿದೆ. ಗಾಳಿ ಮುಗೀತಾ ಬಂತು, ಮೇಲೆ ಬಂದ್ಬಿಟ್ಟೆ."

"ಮೂರು ದೀಪ ಒಟ್ಟಿಗೆ ಕೆಡ್ತಾವಾ?"

"ದೊಡ್ಡದು ಕೆಡೋದು ಇದ್ದದ್ದೇ. ಅದಕ್ಕೇ ಬ್ಯಾಕಪ್ ಇಟ್ಕೊಳ್ಳೋದು. ಆದ್ರೆ ಅವು ಇವರ ಅಕ್ಕನ ಡೈವಿಂಗ್ ಸಾಮಾನಿನ ಅಂಗಡೀವು. ಅಗ್ಗದ ಮಾಲು. ನಾನಂತೂ ಅಂಥದ್ದನ್ನ ಮುಟ್ಟೋದೂ ಇಲ್ಲ." ಮೇಷ್ಟ್ರು ಮೂಗು ಮುರಿದರು.

ಪೇದೆ ಎಲ್ಲರ ಫೋಟೊ ತೆಗೆದ. ದೀಪಗಳನ್ನು ಚೀಲಕ್ಕೆ ಹಾಕಿ ಸೀಲು ಮಾಡಿದ. ಮರುದಿನ ಲ್ಯಾಬಿನಿಂದ ಒಂದೇ ಸಾಲಿನ ವರದಿ ಬಂತು: ಚಿಕ್ಕ ದೀಪಗಳಲ್ಲಿ ಇದ್ದದ್ದು ಪೂರ್ತಿ ಖಾಲಿಯಾದ ಸೆಲ್ಲುಗಳು.

* * *

"ಖಾಲಿ ಸೆಲ್ಲಾ?" ಡಾಕ್ಟರ ಹೆಂಡತಿ ತಲೆ ಎತ್ತಿದಳು. "ಹಿಂದಿನ ಸಂಜೆ ಹೊಸ ಪ್ಯಾಕೆಟ್ ಒಡೆದು ಹಾಕಿದ್ದು ನಾನೇ. ಅವರು ಉರಿಸಿ, ನನ್ನ ಕಣ್ಣಿಗೇ ಬಿಟ್ಟು ನಗಾಡಿದ್ರು."

ಅಡುಗೆಮನೆಯ ಕಸದ ಬುಟ್ಟಿಯಲ್ಲಿ ಪ್ಯಾಕೆಟ್ ಇನ್ನೂ ಬಿದ್ದಿತ್ತು. ಹೊಸ ಸೆಲ್ಲು ಒಂದೇ ರಾತ್ರಿಯಲ್ಲಿ ಖಾಲಿಯಾಗಬೇಕಾದರೆ ದೀಪವೇ ಕೆಟ್ಟದ್ದಿರಬೇಕು. ಇಲ್ಲವೇ ಈಕೆ ಸುಳ್ಳು ಹೇಳುತ್ತಿರಬೇಕು. ಡೈವಿಂಗ್ ಬಿಡಿ ಎಂದು ಈಕೆ ಗಂಡನೊಡನೆ ದಿನಾ ಜಗಳವಾಡುತ್ತಿದ್ದಳೆಂದು ಪಕ್ಕದ ಮನೆಯವರು ಆಗಲೇ ಪೇದೆಯ ಕಿವಿಗೆ ಹಾಕಿದ್ದರು.

"ನಮ್ಮ ಅತ್ತಿಗೇನೇ ಕೊಂದ್ಲು," ಎಂದಳು ಆಕೆ. "ಸ್ವಂತ ತಮ್ಮನಿಗೂ ಅಗ್ಗದ ದೀಪ ಕಟ್ಟಿದ್ಲು. ಇನ್ನು ಅವಳ ಮುಖ ನೋಡಲ್ಲ ನಾನು."

ಹೊರಡುವಾಗ ಡಾಕ್ಟರ ಮೇಜಿನ ಮೇಲೆ ಅರ್ಧ ಬರೆದ ಪತ್ರವೊಂದು ಇನ್ಸ್‌ಪೆಕ್ಟರ ಕಣ್ಣಿಗೆ ಬಿತ್ತು. ಡೈವಿಂಗ್ ಸಂಘಕ್ಕೆ ಬರೆದದ್ದು. ಓದಿ, ಮಡಚಿ ಜೇಬಿಗಿಟ್ಟರು.

* * *

ಅಕ್ಕನ ಅಂಗಡಿಯ ಬಾಗಿಲು ಅರ್ಧ ಇಳಿದಿತ್ತು. ಆಕೆ ಕಪಾಟಿನ ದೀಪಗಳನ್ನೆಲ್ಲ ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದಳು.

"ಮುಚ್ತಿದೀನಿ ಸಾರ್. ನಾನೇ ಕೊಂದೆ ಅಂತ ಎಲ್ಲರೂ ಹೇಳ್ತಾರೆ. ನನಗೂ ಹಾಗೇ ಅನಿಸ್ತಿದೆ. ಕತ್ತಲಲ್ಲಿ ಎರಡೂ ತಿರುಗಿಸಿ ನೋಡಿರ್ತಾನೆ ಅಲ್ವಾ? ಅಕ್ಕ ಕೊಟ್ಟದ್ದು, ಉರೀತವೆ ಅಂತ."

ಇನ್ಸ್‌ಪೆಕ್ಟರು ಡಬ್ಬದೊಳಗೆ ಇಣುಕಿದರು. "ನನಗೊಂದು ದೀಪ ಆರಿಸಿಕೊಡಿ," ಎಂದುಬಿಟ್ಟರು.

"ಎಷ್ಟು ಆಳಕ್ಕೆ?"

"ಬಚ್ಚಲಿನ ಬಕೆಟ್ಟಿನಷ್ಟು."

ಆಕೆ ನಗಲಿಲ್ಲ. ಆದರೆ ಕೈ ತಾನಾಗಿಯೇ ಡಬ್ಬಕ್ಕೆ ಹೋಯಿತು. "ಬ್ಯಾಕಪ್ಪಿಗೆ ಭಾರೀ ಬೆಳಕು ಬೇಡ, ಹೊರಗೆ ಬರೋ ದಾರಿ ಕಂಡ್ರೆ ಸಾಕು. ಎಲ್ಲಾ ಅಂಗಡೀಲೂ ಸಿಗೋ ಸೆಲ್ ಹಿಡೀಬೇಕು. ಗುಂಡಿ ಗಿಂಡಿ ಇರಬಾರ್ದು. ಗವಸು ಹಾಕಿದ ಕೈಯಲ್ಲಿ ದೀಪದ ತಲೆ ತಿರುಗಿಸಿದ್ರೆ ಹತ್ಕೋಬೇಕು. ಇಷ್ಟಿದ್ರೆ ಬೆಲೆ ನೋಡ್ಬೇಕಿಲ್ಲ."

"ಸರಿ. ಇದೇ ತರದ್ದು ಎರಡು ಕೊಡಿ."

"ಊಹೂಂ. ಒಂದೇ ತರದ್ದು ಎರಡು ನಾನು ಯಾರಿಗೂ ಕೊಡಲ್ಲ. ಒಂದು ಯಾವ ದೋಷದಿಂದ ಕೈಕೊಡುತ್ತೋ, ಇನ್ನೊಂದೂ ಅದರಿಂದ್ಲೇ ಕೈಕೊಡಬಹುದು. ಒಂದು ಈ ಕಂಪನಿಯ ಉದ್ದಂದು, ಒಂದು ಆ ಕಂಪನಿಯ ಗಿಡ್ಡಂದು."

"ತಮ್ಮನಿಗೂ ಹಾಗೇನಾ?"

"ಅವನಿಗೆ ಬೇರೆ ಮಾಡ್ತೀನಾ? ಬೇರೆಯವರದ್ದರ ಜೊತೆ ಬೆರೀಬಾರ್ದು ಅಂತ ಎರಡಕ್ಕೂ ರಬ್ಬರ್ ಪಟ್ಟಿಯ ಕೆಳಗೆ ಪುಟ್ಟದೊಂದು ಹಲ್ಲಿನ ಚಿತ್ರ ಕೆತ್ತಿದ್ದೆ."

ಸೀಲು ಮಾಡಿದ ಚೀಲದಲ್ಲಿದ್ದ ಬ್ಯಾಕಪ್ ದೀಪಗಳು ಎರಡೂ ಗಿಡ್ಡವು. ಅವಳಿ ಮಕ್ಕಳಂತೆ ಒಂದೇ ತರ.

"ಆ ದೀಪಗಳನ್ನ ನೀವು ನೋಡಿದ್ರಾ?"

"ಧೈರ್ಯ ಬರಲಿಲ್ಲ ಸಾರ್."

ಇನ್ಸ್‌ಪೆಕ್ಟರು ಠಾಣೆಗೆ ಓಡಿದರು. ಪೇದೆ ತೆಗೆದ ಫೋಟೊಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದರು. ಮೂರನೆಯದರಲ್ಲಿ ಕಣ್ಣು ನಿಂತಿತು.

* * *

ಶಾಲೆಯ ಸಾಮಾನು ಕೋಣೆ. ಸಿಲಿಂಡರಿಗೆ ಗಾಳಿ ತುಂಬುವ ಯಂತ್ರ ಗಡಗಡ ಎನ್ನುತ್ತಿತ್ತು. ಇನ್ಸ್‌ಪೆಕ್ಟರು ಅದನ್ನು ನಿಲ್ಲಿಸಲು ಹೇಳಿದರು.

"ಮೇಷ್ಟ್ರೇ, ಈ ಫೋಟೊ ನೋಡಿ. ಮೇಲೆ ಬಂದಾಗ ನಿಮ್ಮ ಎದೆ ಮೇಲೆ ಒಂದು ಉದ್ದ ದೀಪ, ಒಂದು ಗಿಡ್ಡ ದೀಪ. ಅಗ್ಗದ ಮಾಲು ಮುಟ್ಟೋದಿಲ್ಲ ಅಂದಿದ್ರಲ್ಲ?"

"ಅದು... ಹಳೇದು ಸಾರ್."

ಎದೆಪಟ್ಟಿ ಗೋಡೆಯ ಮೊಳೆಗೇ ತೂಗುತ್ತಿತ್ತು. ಇನ್ಸ್‌ಪೆಕ್ಟರು ಎರಡೂ ದೀಪಗಳ ರಬ್ಬರ್ ಪಟ್ಟಿ ಸರಿಸಿದರು. ಉದ್ದದ್ದರಲ್ಲಿ ಒಂದು ಹಲ್ಲು. ಗಿಡ್ಡದ್ದರಲ್ಲಿ ಒಂದು ಹಲ್ಲು.

ಇನ್ಸ್‌ಪೆಕ್ಟರು ಮೇಷ್ಟ್ರ ಕಡೆ ತಿರುಗಿದರು.

"ಆಳಕ್ಕೆ ಇಳಿಸದೇ ಆಳದ ಸರ್ಟಿಫಿಕೇಟ್ ಹಂಚ್ತಿದ್ರಿ. ಡಾಕ್ಟರು ಅದನ್ನೇ ಸಂಘಕ್ಕೆ ಬರೀತಿದ್ರು, ಅದು ನಿಮಗೂ ಗೊತ್ತಿತ್ತು. ಪತ್ರ ಹೋದ್ರೆ ನಿಮ್ಮ ಲೈಸೆನ್ಸ್ ಹೋಗ್ತಿತ್ತು. ದೊಡ್ಡ ದೀಪ ಶಾಲೇದು, ವೈರು ಸಡಿಲ ಮಾಡಿ ಕೊಟ್ರಿ. ಎದೆಪಟ್ಟಿ ಸರಿ ಮಾಡೋ ನೆಪದಲ್ಲಿ ಅವರ ದೀಪ ಕಿತ್ತು, ಖಾಲಿ ಸೆಲ್ಲಿನವು ಸಿಕ್ಕಿಸಿದ್ರಿ. ಮುಖವಾಡ ಹಾಕ್ಕೊಂಡವರಿಗೆ ಗದ್ದದ ಕೆಳಗಿನದ್ದು ಕಾಣಲ್ಲ. ಕಿತ್ತ ದೀಪ ಬಚ್ಚಿಡೋಕೆ ನಿಮ್ಮ ಎದೆಗಿಂತ ಒಳ್ಳೆ ಜಾಗ ಯಾವ್ದು? ಎಲ್ಲಾ ಚೊಕ್ಕವಾಗೇ ಮಾಡಿದ್ರಿ. ಆದ್ರೆ ಅಗ್ಗದ ದೀಪ ಅಂದ್ರೆ ನಿಮಗೆ ಎಲ್ಲಾ ಒಂದೇ. ಒಂದೇ ತರದ್ದು ಎರಡು ತಂದ್ರಿ."

ಮೇಷ್ಟ್ರು ಬೆಂಚಿನ ಮೇಲೆ ಕೂತರು. "ಸುರಂಗದೊಳಗೆ ನನ್ನ ಬೆಳಕು ಆರಿಸ್ಕೊಂಡು ಹೊರಗೆ ಬಂದೆ, ಅಷ್ಟೇ," ಎಂದರು.

* * *

ಸಂಜೆ ಇನ್ಸ್‌ಪೆಕ್ಟರು ಅಂಗಡಿಗೆ ಬಂದಾಗ ಡಾಕ್ಟರ ಹೆಂಡತಿಯೂ ಜೊತೆಗಿದ್ದಳು. ಅವಳು ಒಳಗೆ ಬಂದು, ಅತ್ತಿಗೆಯ ಕೈ ಹಿಡಿದುಕೊಂಡು ನಿಂತಳು. ಇನ್ಸ್‌ಪೆಕ್ಟರು ನಡೆದದ್ದನ್ನೆಲ್ಲ ಹೇಳಿದರು. ಅಕ್ಕ ಯಾರನ್ನೂ ಬೈಯಲಿಲ್ಲ. ಕೇಳಿದ್ದು ಒಂದೇ ಮಾತು.

"ನಾನು ಕೊಟ್ಟ ದೀಪ ಉರೀತಿದ್ವಾ ಸಾರ್?"

"ಎರಡೂ ಉರೀತಿದ್ವು. ಈಗ್ಲೂ ಉರೀತವೆ."

ನಾಲ್ಕು ದಿನದಿಂದ ಅಳದಿದ್ದವಳು ಸ್ಟೂಲಿನ ಮೇಲೆ ಕೂತು ಅತ್ತಳು. ತುಂಬ ಹೊತ್ತಿನ ಮೇಲೆ ಮುಖ ಒರೆಸಿಕೊಂಡಳು.

"ಹಾಗಾದ್ರೆ ಅವು ಹತ್ರ ಇದ್ದಿದ್ರೆ ಅವನು ವಾಪಸ್ ಬರ್ತಿದ್ದ," ಎಂದಳು.